ಯಾರ ಕಾಲು ಜಾರಿತು?



ಈ ಸಲದ ಸಂಚಿಕೆಗೆ ಒಂದು ಕವಿತೆ ಕೊಡು ಅಂದಿದ್ದರು. ಕವಿತೆ ಬರಲಿಲ್ಲ, ಸಿಟ್ಟು ಬಂತು. ಹಾಸ್ಟೆಲಿನ ತಮ್ಮಂದಿರೇ, ತಂಗಿಯರೇ, ಓದಿದ ಮೇಲೆ ನಿಮಗೂ ಸಿಟ್ಟು ಬರಬಹುದು. ನನ್ನ ಮೇಲೆ ಬಂದರೂ ನಡೆದೀತು. ಪೂರ್ತಿ ಓದಿ ಬರಲಿ, ಅಷ್ಟೆ.

ನನ್ನ ಹತ್ತಿರ ಒಂದು ಚೀಟಿ ಇದೆ. ಅಂಗೈಯಷ್ಟು ಅಗಲ. ಮಡಿಚಿ ಮಡಿಚಿ ನಾಲ್ಕು ತುಂಡಾಗಲಿಕ್ಕೆ ಬಂದಿದೆ. ಗಡಿಯಾಚೆಯ ಒಂದು ನೂಲಿನ ಗಿರಣಿಯ ದವಾಖಾನೆ ಕೋಣೆಯಲ್ಲಿ ಬರೆದದ್ದು. ಗಿರಣಿಯ ಹೆಸರು ಬೇಡ, ಒಂದು ಗಿರಣಿಯ ಮಾತಲ್ಲ ಇದು. ಮರಾಠಿಯಲ್ಲಿದೆ: ‘ಘರೀ ಪಾಯ ಘಸರೂನ ಪಡಲೀ’. ಮನೆಯಲ್ಲಿ ಕಾಲು ಜಾರಿ ಬಿದ್ದಳು. ಕೆಳಗೆ ನೋವಿನ ಗುಳಿಗೆಯ ಹೆಸರು, ಅದರ ಕೆಳಗೆ ಒಂದು ಸಹಿ.

ಬಿದ್ದವಳು ನನ್ನ ಚಿಗವ್ವ. ಆಗ ಆಕೆ ಶೇಡಬಾಳ ಸ್ಟೇಶನ್ನಿನಿಂದ ಮುಂಜಾನೆಯ ಪ್ಯಾಸೆಂಜರ್ ಹಿಡಿದು ಗಿರಣಿಗೆ ಹೋಗುತ್ತಿದ್ದಳು. ನಾನು ಏಳನೆಯ ಇಯತ್ತೆ. ಹಿಂದಿ ಕಲಿತಿದ್ದರಿಂದ ಆ ಅಕ್ಷರ ಕೂಡಿಸಿ ಓದಲಿಕ್ಕೆ ಬರುತ್ತಿತ್ತು. ಓದಿ ಹೇಳಿದೆ. ಎಡಗೆನ್ನೆ ರೊಟ್ಟಿಯಂಗೆ ಉಬ್ಬಿತ್ತು, ಆದರೂ ಆಕೆ ನಕ್ಕಳು. “ಛಲೋ ಆತ ಬಿಡೋ ತಮ್ಮಾ, ನಿಮ್ಮ ಕಾಕಾ ಹೇಳಿದ್ದನ್ನ ಬರದಾರ” ಅಂದಳು.

ಕಾಕಾ ಹೇಳಿದ್ದು! ಕಾಕಾನೂ ಅದೇ ಗಿರಣಿಯಲ್ಲಿ ಹಮಾಲಿ. ಚಿಗವ್ವನನ್ನು ಕೋಣೆಗೆ ಕರೆದುಕೊಂಡು ಹೋದವನೂ ಅವನೇ. ಬಾಗಿಲ ಚೌಕಟ್ಟಿಗೆ ಆನಿಕೊಂಡು ನಿಂತಿದ್ದನಂತೆ. ನರ್ಸಬಾಯಾರು “ಏನಾತ್ರೀ?” ಅಂತ ಕೇಳಿದರು. ಕೇಳಿದ್ದು ಚಿಗವ್ವನನ್ನು, ಉತ್ತರ ಬಂದದ್ದು ಬಾಗಿಲಿಂದ. ಹೊಡೆದ ಕೈ ಬಾಯಿಯಾಗಿ ಮಾತಾಡಿತು, ಬಾಯಾರು ಅದನ್ನು ಬರೆದುಕೊಂಡರು. ಕಿವಿಯೊಳಗೆ ಯಾರೂ ನೋಡಲಿಲ್ಲ. ಅಂಗೈ ಬಿಚ್ಚಿ ಕಿವಿಯ ಮೇಲೆ ಬಾರಿಸಿದರೆ ಒಳಗಿನ ಪೊರೆ ಹರಿಯುತ್ತದೆ ಅಂತ ನನಗೆ ಗೊತ್ತಾದದ್ದು ಬಿ.ಎ. ಮುಗಿದ ಮೇಲೆ. ಇವತ್ತಿಗೂ ಚಿಗವ್ವನ ಎಡಗಿವಿ ಕೇಳುವುದಿಲ್ಲ. ಕೇರಿಯ ಹುಡುಗರು ಆ ಕಡೆ ನಿಂತು ಕೂಗಿ ಚೇಷ್ಟೆ ಮಾಡುತ್ತಾರೆ.

ಆ ನಾಲ್ಕು ಮಾತನ್ನು ಇನ್ನೊಮ್ಮೆ ಓದಿ. ‘ಮನೆಯಲ್ಲಿ ಕಾಲು ಜಾರಿ ಬಿದ್ದಳು.’ ಮನೆಯಲ್ಲಿ ಅಂತ ಬರೆದ ಕೂಡಲೆ ಗಿರಣಿಯ ಮಾಲಕ ಪಾರಾದ. ಗಿರಣಿಯಲ್ಲಿ ಬಿದ್ದಿದ್ದರೆ 1923ರ ಪರಿಹಾರದ ಕಾಯ್ದೆ, ಅಪಘಾತದ ವರದಿ, ಇನ್ಸ್‌ಪೆಕ್ಟರು ಅಂತ ತಾಪತ್ರಯ ಇತ್ತು. ಬಿದ್ದಳು ಅಂತ ಬರೆದ ಕೂಡಲೆ ಗಂಡ ಪಾರಾದ. ಒಂದು ಸಾಲಿನಲ್ಲಿ ಇಬ್ಬರು ಗಂಡಸರು ಬಚಾವು! ಸಿಕ್ಕಿಬಿದ್ದವಳು ಒಬ್ಬಳೇ. ನಮ್ಮ ಭಾಷೆಯೋ, ಕೇಳಬೇಡಿ. ಕನ್ನಡದಲ್ಲಿ ಕಾಲು ಜಾರಿದವಳು ಅಂದರೆ ಇನ್ನೊಂದೇ ಅರ್ಥ. ಹೊಡೆಸಿಕೊಂಡವಳ ಗುಣವನ್ನೇ ಸಂಶಯಪಡುವ ಮಾತನ್ನು ಹೊಡೆತಕ್ಕೂ ಹೆಸರಾಗಿ ಇಟ್ಟುಕೊಂಡಿದ್ದೇವೆ.

ಮುಂದೆ ಚಿಗವ್ವ ತವರಿಗೆ ಬಂದು ಜೀವನಾಂಶಕ್ಕೆ ಕೇಸು ಹಾಕಿದಾಗ ನಮ್ಮ ವಕೀಲರು ಕೇಳಿದರು: “ಪುರಾವೆ ಏನೈತಿ?” ಪುರಾವೆ ಇತ್ತು. ಮೂರು ಚೀಟಿ. ಒಂದರಲ್ಲಿ ಕಾಲು ಜಾರಿದ್ದಳು, ಒಂದರಲ್ಲಿ ಪಾವಟಿಗೆಯಿಂದ ಉರುಳಿದ್ದಳು, ಒಂದರಲ್ಲಿ ಎಮ್ಮೆ ಒದ್ದಿತ್ತು. ನಮ್ಮ ಮನೆಯಲ್ಲಿ ಎಮ್ಮೆ ಯಾವತ್ತೂ ಇರಲಿಲ್ಲ. ಆ ಚೀಟಿಗಳನ್ನು ಕೋರ್ಟಿಗೆ ಕೊಟ್ಟದ್ದು ನಾವಲ್ಲ, ಕಾಕಾನ ವಕೀಲ.

ಹಾಗಾದರೆ ನರ್ಸಬಾಯಿ ವೈರಿಯೇ? ನಾನೂ ಹಾಗೇ ಅಂದುಕೊಂಡಿದ್ದೆ. ಬೈಯಲಿಕ್ಕೆ ಅಂತಲೇ ಹೋದೆ, ಎರಡು ವರ್ಷದ ಹಿಂದೆ. ನಿವೃತ್ತಿಯಾಗಿ ಮಗಳ ಮನೆಯಲ್ಲಿದ್ದರು. ಚಹಾ ಕೊಟ್ಟು ಹೇಳಿದರು: “ನನಗ ಗೊತ್ತಾಗತಿತ್ತು ತಮ್ಮಾ. ಪಗಾರದ ಮರುದಿನ ನಾಕೈದು ಮಂದಿ ಬಿದ್ದ ಬರತಿದ್ರು. ಎಲ್ಲಾರೂ ಹೆಂಗಸರ. ಗಂಡಸರು ಯಾಕ ಬೀಳೂದಿಲ್ಲ ಅಂತ ನಾನೂ ವಿಚಾರ ಮಾಡತಿದ್ದೆ. ಖರೇ ಬರದ್ರ ಮ್ಯಾನೇಜರ ಕೇಳತಿದ್ದ, ಇದೇನ ಗಿರಣಿಯೋ ಪೋಲೀಸ ಚೌಕಿಯೋ ಅಂತ. ನಮಗ ಪಟ್ಟಿ ಕಟ್ಟೂದು ಕಲಿಸಿದ್ರು. ಕೇಳೂದು ಯಾರ ಕಲಿಸಿದ್ರು?”

ಬೈಯಲಿಕ್ಕಾಗಲಿಲ್ಲ. ಹಾಗಂತ ಬಿಟ್ಟುಬಿಡಲಿಕ್ಕೂ ಆಗಲಿಲ್ಲ. ಆ ಮುದುಕಿಯ ತಲೆಯೊಳಗೆ ಮೂವತ್ತು ವರ್ಷದ ಖರೇ ರಜಿಸ್ಟರು ಇದೆ. ಗಿರಣಿಯ ಕಪಾಟಿನಲ್ಲಿ ಇರುವುದು ಸುಳ್ಳಿನದು.

ಗಿರಣಿಯೊಳಗೆ ಆ ಕೋಣೆ ಯಾಕೆ ಬಂತು ಅನ್ನುವುದನ್ನು ತಿಳಿದುಕೊಳ್ಳಿ. 1948ರ ಕಾರ್ಖಾನೆ ಕಾಯ್ದೆ, 45ನೆಯ ಕಲಮು. 500ಕ್ಕಿಂತ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಯಲ್ಲಿ ಒಂದು ಅಂಬ್ಯುಲನ್ಸ್ ಕೋಣೆ ಇರಬೇಕು, ಅಲ್ಲಿ ವೈದ್ಯ ಮತ್ತು ನರ್ಸಿಂಗ್ ಸಿಬ್ಬಂದಿ ಇರಬೇಕು ಅಂತ ಅದು ವಿಧಿಸಿತ್ತು. ಕಾಯ್ದೆ ಮಾಡಿದವರ ಕಣ್ಣಲ್ಲಿ ಇದ್ದದ್ದು ಯಂತ್ರಕ್ಕೆ ಸಿಕ್ಕ ಬೆರಳು, ಒಡೆದ ಹಣೆ. ಮಾಲಕನ ಕಣ್ಣಲ್ಲಿ ಇದ್ದದ್ದು ಆ ಬೆರಳು ಎಷ್ಟು ಬೇಗ ಯಂತ್ರಕ್ಕೆ ವಾಪಸು ಬರುತ್ತದೆ ಅನ್ನುವುದು. ಹೆಂಗಸು ಮನೆಯಿಂದಲೇ ಗಾಯ ಹೊತ್ತು ಬರುತ್ತಾಳೆ ಅಂತ ಯಾರೂ ಲೆಕ್ಕ ಹಿಡಿಯಲಿಲ್ಲ. ಆದರೂ ಆ ಕೋಣೆಯಲ್ಲಿ ಬೇರೆಲ್ಲೂ ಇಲ್ಲದ ಒಂದು ಅನುಕೂಲ ಇದೆ. ಆಕೆ ಅಲ್ಲಿಗೆ ಬರಲಿಕ್ಕೆ ಯಾರ ಅಪ್ಪಣೆಯೂ ಬೇಡ. ಪೋಲೀಸ ಠಾಣೆಗೆ ಹೋದರೆ ಊರಿಗೆಲ್ಲ ಗೊತ್ತು. ತವರಿಗೆ ಹೋದರೆ ಅತ್ತೆಗೆ ಗೊತ್ತು. ಪಾಳಿಯ ನಡುವೆ ತಲೆನೋವಿನ ಗುಳಿಗೆಗೆ ಹೋದರೆ ಯಾರಿಗೆ ಏನು ಗೊತ್ತಾಗುತ್ತದೆ? ದಿನದ ಎಂಟು ತಾಸು ಆಕೆಯ ಗಂಡನ ಕಣ್ಣಿಲ್ಲದ ಜಾಗ, ಎಷ್ಟೋ ಹೆಂಗಸರಿಗೆ ಅದು ಕೆಲಸದ ಜಾಗ ಒಂದೇ.

ಲೆಕ್ಕ ಕೇಳುವವರಿಗೆ ಲೆಕ್ಕವೂ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆದಾಗ ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನ ಹಿಂಸೆ ಕಂಡವರು. ಇಡೀ ದೇಶಕ್ಕೇ ಮೊದಲು! ಬಸವಣ್ಣನ ನಾಡು, ಅಕ್ಕನ ನಾಡು ಅಂತ ಭಾಷಣ ಬಿಗಿಯುವ ನಾಡು. ದೇಶದಲ್ಲಿ ಏಟು ತಿಂದವರ ಪೈಕಿ ನೂರಕ್ಕೆ 77 ಮಂದಿ ಯಾರ ಸಹಾಯವನ್ನೂ ಕೇಳಿಲ್ಲ, ಯಾರಿಗೂ ಹೇಳಿಯೂ ಇಲ್ಲ. ಕೇಳಿದ ಕೆಲವರೂ ಹೋದದ್ದು ತವರಿಗೆ. ಡಾಕ್ಟರು-ನರ್ಸುಗಳ ಹತ್ತಿರ ಸಹಾಯ ಅಂತ ಕೇಳಿದವರು ಬೆರಳೆಣಿಕೆ. ಮದ್ದಿಗೆ ಮಾತ್ರ ಎಲ್ಲರೂ ಅಲ್ಲಿಗೇ ಹೋಗುತ್ತಾರೆ. ಮದ್ದಿಗೆ ಹೋದವಳು ಮಾತು ನುಂಗಿ ಬರುತ್ತಾಳೆ. ಈ ನಡುವಿನ ಕಂದಕವೇ ನನ್ನ ಜಗಳ.

ನರ್ಸಿಂಗ್ ಓದುವ ತಂಗಿಯರೇ, ಈಗಿನ ಮಾತು ನಿಮಗೆ. ನಮ್ಮ ಕೇರಿಗಳಿಂದ ಎ.ಎನ್.ಎಂ.ಗೆ, ಜಿ.ಎನ್.ಎಂ.ಗೆ ಹೋದವರು ಎಷ್ಟು ಮಂದಿ! ಮೇಲುಜಾತಿಯವರು ಹೊಲಸು ಮುಟ್ಟುವ ಕೆಲಸ ಅಂತ ಮೂಗು ಮುರಿಯುತ್ತಿದ್ದ ಕಸುಬು ಇದು. ಮುಟ್ಟಬಾರದವರು ಅನ್ನಿಸಿಕೊಂಡವರ ಮಕ್ಕಳು ಎಲ್ಲರ ಮೈ ಮುಟ್ಟಿ ವಾಸಿ ಮಾಡುತ್ತಿದ್ದೀರಿ, ಅದರ ಹೆಮ್ಮೆ ನನಗಿದೆ. ನಾಳೆ ನಿಮ್ಮಲ್ಲೊಬ್ಬಳು ಯಾವುದೋ ಗಿರಣಿಯ, ಸಕ್ಕರೆ ಕಾರ್ಖಾನೆಯ, ಗಾರ್ಮೆಂಟಿನ ಆ ಕೋಣೆಯಲ್ಲಿ ಕೂಡುತ್ತೀರಿ. ನನ್ನ ಚಿಗವ್ವನಂಥವಳು ಬಂದು ಎದುರಿಗೆ ನಿಲ್ಲುತ್ತಾಳೆ.

ಆಕೆಯ ಮೈ ಓದಿ. ಬಿದ್ದವರಿಗೆ ಸಾಮಾನ್ಯವಾಗಿ ಮೊಣಕಾಲು, ಅಂಗೈ, ಮೊಣಕೈ ತರಚುತ್ತದೆ. ಹೊಡೆಸಿಕೊಂಡವರಿಗೆ ಮುಖ, ಕಿವಿ, ಕುತ್ತಿಗೆ, ಎದೆ, ಬೆನ್ನು, ಹೊಟ್ಟೆ, ಅಂದರೆ ಸೀರೆ-ಕುಪ್ಪಸದಲ್ಲಿ ಮುಚ್ಚಿಹೋಗುವ ಜಾಗ. ಏಟು ತಡೆಯಲಿಕ್ಕೆ ಎತ್ತಿದ ಮುಂಗೈಯ ಹೊರಮೈಯಲ್ಲಿ ಕಂದು ಗುರುತು. ಹಳೆಯದರ ಪಕ್ಕ ಹೊಸದು. (ಬಣ್ಣ ನೋಡಿ ಇದು ಮೂರು ದಿನದ್ದು, ಇದು ಐದು ದಿನದ್ದು ಅಂತ ಪಂಚಾಂಗ ಹೇಳಬೇಡಿ, ಹಾಗೆ ಖಚಿತ ಹೇಳಲಿಕ್ಕೆ ಬರುವುದಿಲ್ಲ, ಕೋರ್ಟಿನಲ್ಲಿ ಕೆಡುತ್ತದೆ.) ಗಾಯಕ್ಕೂ ಕಥೆಗೂ ತಾಳೆ ಆಗದಿರುವುದು. ಎರಡು ದಿನ ತಡಮಾಡಿ ಬರುವುದು. ಗಾಯವೇ ಇಲ್ಲದೆಯೂ ಬರುತ್ತಾಳೆ. ವಾರ ವಾರ ತಲೆನೋವು, ಮೈಕೈ ನೋವು, ನಿದ್ದೆ ಇಲ್ಲ, ಎದೆ ಹಾರುತ್ತದೆ ಅಂತ. ಬಸಿರು ನಿಲ್ಲದೆ ಬರುತ್ತಾಳೆ. ನಿದ್ದೆಗುಳಿಗೆ ಹತ್ತು ಒಟ್ಟಿಗೆ ಕೊಡ್ರೀ ಅನ್ನುತ್ತಾಳೆ, ಆವಾಗ ಎಚ್ಚರ! ಪಗಾರದ ದಿನ ಹತ್ತಿರ ಬಂದಂತೆ ಮುಖ ಬಾಡುತ್ತದೆ. ಪಾಳಿ ಮುಗಿದರೂ ಮನೆಗೆ ಹೋಗಲಿಕ್ಕೆ ಕಾಲು ಏಳುವುದಿಲ್ಲ. ಇದರಲ್ಲಿ ಯಾವ ಒಂದೂ ಪುರಾವೆಯಲ್ಲ. ಆದರೆ ಕೇಳಲಿಕ್ಕೆ ಇಷ್ಟು ಸಾಕು.

ಒಂದು ಮಾತು ಮಾತ್ರ ತಡಮಾಡುವಂಥದ್ದಲ್ಲ. ಕುತ್ತಿಗೆ ಹಿಸುಕಿದ್ದರೆ, ದನಿ ಒಡೆದಿದ್ದರೆ, ನುಂಗಲಿಕ್ಕೆ ತ್ರಾಸಾಗುತ್ತಿದ್ದರೆ, ಹೊರಗೆ ಒಂದು ಗುರುತೂ ಕಾಣದಿದ್ದರೂ ಅದೇ ತಾಸಿಗೆ ದೊಡ್ಡ ಆಸ್ಪತ್ರೆಗೆ ಕಳಿಸಿ. ಒಳಗಿನ ಬಾವು ನಂತರ ಉಸಿರು ಕಟ್ಟಿಸಬಹುದು. ಒಮ್ಮೆ ಕುತ್ತಿಗೆಗೆ ಕೈ ಹಾಕಿದವ ಮುಂದೆ ಕೊಲ್ಲುವ ಸಂಭವ ಹೆಚ್ಚು.

ಕೇಳುವುದು ಹೇಗೆ? ಮೊದಲು ಬಾಗಿಲು. ಗಂಡ ಇರಲಿ, ಅತ್ತೆ ಇರಲಿ, ಮುಕಾದಮ ಇರಲಿ, ‘ನಮ್ಮ ಅಕ್ಕನಂಗ’ ಅನ್ನುವ ಗೆಳತಿಯೇ ಇರಲಿ, ಹೊರಗೆ. “ಡ್ರೆಸಿಂಗ್ ಮಾಡಬೇಕ್ರಿ, ಹೊರಗ ನಿಂದರ್ರಿ” ಅಂದರೆ ಆಯಿತು, ಜಗಳ ಬೇಡ. ಆಮೇಲೆ ಮೆಲ್ಲಗೆ: “ಅವ್ವಾ, ಇಲ್ಲಿ ನಾವಿಬ್ಬರ ಅದೀವಿ. ಈ ಪೆಟ್ಟು ಬಿದ್ದು ಆದದ್ದು ಅನಸೂದಿಲ್ಲ. ಯಾರರ ಹೊಡದಾರೇನು? ನೀ ಹೇಳಿದ್ದು ನಿನ್ನ ಕೇಳದ ಈ ಬಾಗಲಾ ದಾಟೂದಿಲ್ಲ.” ಹೇಳದಿದ್ದರೆ ಬಿಡಿ. ಒತ್ತಾಯ ಮಾಡಿ ಬಾಯಿ ಬಿಡಿಸಲಿಕ್ಕೆ ನೀವು ಪೋಲೀಸರಲ್ಲ. “ಎಂದರ ಹೇಳಬೇಕು ಅನಿಸಿದ್ರ ಗುಳಿಗಿ ನೆವಾ ಮಾಡ್ಕೊಂಡು ಬಾ” ಅನ್ನಿ. ಇಷ್ಟು ಕೇಳಿಸಿಕೊಂಡು ಹೋದವಳು ಮೂರನೆಯ ಸಲಕ್ಕೆ ಹೇಳುತ್ತಾಳೆ, ಆರನೆಯ ಸಲಕ್ಕೆ ಹೇಳುತ್ತಾಳೆ.

ಹೇಳಿದ ಮೇಲೆ ನಿಮ್ಮ ಬಾಯಿಂದ ಬರಬಾರದ ಮಾತುಗಳಿವೆ. “ಅಂಥಾದ್ದೇನ ಮಾಡಿದ್ದಿ ನೀ?” “ಹೊಂದಕೊಂಡ ಹೋಗಬೇಕವ್ವಾ.” “ಕುಡದ ಬಂದಾಗ ಎದುರ ಮಾತಾಡಬ್ಯಾಡ.” ಹಾಗೇ, “ಇನ್ನೂ ಯಾಕ ಅವನ ಜೋಡಿ ಅದೀ, ಬಿಟ್ಟ ಬಾ!” ಅನ್ನುವುದೂ ಸಲ್ಲ. ಬಿಟ್ಟು ಹೊರಡುವ ಗಳಿಗೆಯೇ ಎಷ್ಟೋ ಹೆಂಗಸರ ಜೀವ ಹೋಗುವ ಗಳಿಗೆ. ಎಲ್ಲಿಗೆ ಹೋಗಬೇಕು, ಮಕ್ಕಳನ್ನು ಯಾರು ಹಿಡಿಯಬೇಕು, ರೇಶನ್ ಕಾರ್ಡು ಎಲ್ಲಿದೆ, ಪಗಾರ ಯಾರ ಖಾತೆಗೆ ಬೀಳುತ್ತದೆ, ಇದನ್ನೆಲ್ಲ ಆಕೆ ನಿಮಗಿಂತ ನೂರು ಸಲ ಲೆಕ್ಕ ಹಾಕಿರುತ್ತಾಳೆ. ಆ ಲೆಕ್ಕಕ್ಕೆ ಕೈ ಜೋಡಿಸಿ. ಇವತ್ತು ರಾತ್ರಿ ಮನೆಗೆ ಹೋಗಲಿಕ್ಕೆ ಹೆದರಿಕೆ ಇದೆಯೇ ಅಂತ ಕೇಳಿ. ಕೊಲ್ಲತೀನಿ ಅಂದಿದ್ದಾನೆಯೇ, ಕೊಯತಾ, ಸೀಮೆಎಣ್ಣೆ ಕೈಗೆ ಸಿಗುವಂತೆ ಇದೆಯೇ, ಹೊಡೆತ ಮೊದಲಿಗಿಂತ ಹೆಚ್ಚುತ್ತಿದೆಯೇ ಅಂತ ಕೇಳಿ. ಇನ್ನು ಕೆಲವು ಬಾಯಾರು ಒಳ್ಳೆಯ ಮನಸ್ಸಿನಿಂದಲೇ “ನಿನ್ನ ಗಂಡನ್ನ ಕರಸಿ ಬುದ್ಧಿ ಹೇಳತೀನಿ” ಅನ್ನುತ್ತಾರೆ. ಬೇಡಿ! ಆ ಬುದ್ಧಿಯ ಬಡ್ಡಿ ರಾತ್ರಿ ಆಕೆಯ ಮೈಮೇಲೆ ವಸೂಲಾಗುತ್ತದೆ.

ಬರೆಯುವುದು ಎಲ್ಲಕ್ಕಿಂತ ದೊಡ್ಡದು. ನಾನು ಅಕ್ಷರದವ, ಅದಕ್ಕೇ ಇಲ್ಲಿ ಸ್ವಲ್ಪ ಹೆಚ್ಚು ನಿಲ್ಲುತ್ತೇನೆ. ಕಾಲೇಜಿನಲ್ಲಿ ಗಾಯವನ್ನು ಗುಲಾಬಿ ಅಂತ ಬರೆದು ಬಹುಮಾನ ತಗೊಂಡವ ನಾನು. ನೀವು ಹಾಗೆ ಬರೆಯಬೇಡಿ. ಹೀಗೆ ಬರೆಯಿರಿ: ತಾರೀಖು, ತಾಸು. ಆಕೆ ಹೇಳಿದ್ದು ಆಕೆಯ ಮಾತಿನಲ್ಲೇ: ‘ನಿನ್ನೆ ರಾತ್ರಿ ಗಂಡ ಅಂಗೈಲೆ ಎಡಗಿವಿಗೆ ಹೊಡದ.’ ನಾವು ಕಂಡದ್ದು: ಎಡಗೆನ್ನೆ ಬಾತಿದೆ, ಎಡಗಿವಿಯಿಂದ ರಕ್ತ ಬಂದಿದೆ, ಬಲಮುಂಗೈಯಲ್ಲಿ ಎರಡು ಕಂದು ಗುರುತು, ಇಷ್ಟಿಷ್ಟು ಸೆಂಟಿಮೀಟರು. ಬಿದ್ದೆ ಅಂತಲೇ ಹೇಳಿದರೆ ‘ಬಿದ್ದೆ ಎಂದು ಹೇಳುತ್ತಾಳೆ’ ಅಂತ ಬರೆಯಿರಿ, ಕಂಡದ್ದನ್ನೂ ಬರೆಯಿರಿ, ಎರಡೂ ತಾಳೆಯಾಗುವುದಿಲ್ಲ ಅಂತಲೂ ಬರೆಯಿರಿ. ‘ಬಿದ್ದಳು’ ಮತ್ತು ‘ಬಿದ್ದೆ ಎಂದು ಹೇಳುತ್ತಾಳೆ’, ಈ ಎರಡರ ನಡುವೆ ಒಂದು ಇಡೀ ಕೇಸು ಇದೆ. ನಮ್ಮ ಕೇಸು ಆ ಸಂದಿಯಲ್ಲೇ ಬಿದ್ದು ಸತ್ತದ್ದು. ಆಕೆಯ ಕೈಗೆ ಕೊಡುವ ಚೀಟಿಯಲ್ಲಿ ಗುಳಿಗೆ ಮಾತ್ರ ಇರಲಿ, ಯಾಕಂದರೆ ಆ ಚೀಟಿ ಗಂಡನ ಕೈಗೆ ಹೋಗುತ್ತದೆ. ಖರೇ ಇರುವುದು ರಜಿಸ್ಟರಿನಲ್ಲಿ, ಕೀಲಿ ನಿಮ್ಮ ಹತ್ತಿರ. ಆಕೆ ಕೇಳಿದ ದಿನ ನಕಲು ಕೊಡಿ.

ಸುಳ್ಳು ಬರಹ ಎಷ್ಟು ಹೆಣ ಮುಚ್ಚುತ್ತದೆ ಅನ್ನುವುದಕ್ಕೆ ಬೆಂಗಳೂರಿನ ಕಥೆ ಕೇಳಿ. 1979ರಲ್ಲಿ ಹುಟ್ಟಿದ ವಿಮೋಚನಾ ಸಂಘಟನೆಯ ಹೆಂಗಸರು 1990ರ ದಶಕದಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ನಿಂತು ಕೇಳತೊಡಗಿದರು. ಕಾಗದದಲ್ಲಿ ‘ಸ್ಟೋವ್ ಸಿಡಿಯಿತು’ ಅಂತ ಇತ್ತು. ಯಾಕ್ರೀ, ಸ್ಟೋವು ಸೊಸೆಯಂದಿರನ್ನೇ ಹುಡುಕಿ ಸಿಡಿಯುತ್ತದೆಯೇನು? ನಮ್ಮ ಕಡೆ ಕಾಲು ಜಾರುವುದು, ಬೆಂಗಳೂರಿನಲ್ಲಿ ಸ್ಟೋವು ಸಿಡಿಯುವುದು. ಶಬ್ದ ಬೇರೆ, ಸುಳ್ಳು ಒಂದೇ. ಮುಂಬಯಿಯಲ್ಲಿ ಇದಕ್ಕೆ ಬೇರೆ ದಾರಿ ಹುಡುಕಿದರು. ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ 2001ರಿಂದ ‘ದಿಲಾಸಾ’ ಅನ್ನುವ ಕೇಂದ್ರ. ಮಹಾನಗರಪಾಲಿಕೆಯ ಆಸ್ಪತ್ರೆಯೊಳಗೇ, ನರ್ಸುಗಳಿಗೆ ತರಬೇತಿ ಕೊಟ್ಟು, ಗುರುತಿಸಿ ಆ ಬಾಗಿಲಿಗೆ ಕಳಿಸುವುದು. ಅದರ ಜಾಣತನ ನೋಡಿ: ದವಾಖಾನೆಗೆ ಹೋಗಿಬರತೀನಿ ಅಂತ ಹೇಳಿ ಹೆಂಗಸು ಮನೆ ಬಿಡಬಹುದು. ಆಸ್ಪತ್ರೆಯಲ್ಲಿ ಆಗುವುದು ಗಿರಣಿಯ ಕೋಣೆಯಲ್ಲಿ ಯಾಕೆ ಆಗಬಾರದು?

ಕಾಯ್ದೆ ಇಲ್ಲವೇ ಅಂದರೆ, ಇದೆ. 1983ರಲ್ಲಿ ಬಂದ 498ಎ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಮು ಆಗಿದೆ. ಅದು ಜೇಲಿನ ದಾರಿ. ಎಲ್ಲ ಹೆಂಗಸರಿಗೂ ಗಂಡ ಜೇಲಿಗೆ ಹೋಗುವುದು ಬೇಕಿಲ್ಲ, ಹೊಡೆತ ನಿಲ್ಲಬೇಕು, ತಲೆಯ ಮೇಲೆ ಸೂರು ಬೇಕು. ಅದಕ್ಕೆ 2005ರ ಕೌಟುಂಬಿಕ ಹಿಂಸೆ ಕಾಯ್ದೆ, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ಕ್ಕೆ. ಅದರ 4ನೆಯ ಕಲಮಿನಂತೆ ಯಾರು ಬೇಕಾದರೂ, ಗಿರಣಿಯ ನರ್ಸೂ, ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ನಂಬಿಕೆಯಿಂದ ತಿಳಿಸಿದವರ ಮೇಲೆ ಕೇಸು ನಡೆಯುವುದಿಲ್ಲ. ಕರ್ನಾಟಕದಲ್ಲಿ ಆ ಅಧಿಕಾರಿ ಬೇರೆ ಯಾರೂ ಅಲ್ಲ, ಅಂಗನವಾಡಿ ನೋಡುವ ಸಿ.ಡಿ.ಪಿ.ಓ. ಸರಕಾರ ಗೊತ್ತುಪಡಿಸಿದ ಆಸ್ಪತ್ರೆಯಾದರೆ ಇನ್ನೂ ಬಿಗಿ: ವರದಿ ಆಗಿಲ್ಲ ಅಂತ ಚಿಕಿತ್ಸೆ ನಿರಾಕರಿಸುವಂತಿಲ್ಲ, ಆಸ್ಪತ್ರೆಯೇ ಘಟನೆಯ ವರದಿಯ ನಮೂನೆ ತುಂಬಿ ಕಳಿಸಬೇಕು, ತಪಾಸಣೆಯ ವರದಿಯ ನಕಲನ್ನು ಪುಕ್ಕಟೆ ಕೊಡಬೇಕು. ಆದರೆ ನನ್ನ ಮಾತು ಇದು: ಕಾಯ್ದೆ ಬಿಟ್ಟರೂ ನೀವು ಆಕೆಯನ್ನು ಕೇಳದೆ ಕಳಿಸಬೇಡಿ. ರಾತ್ರಿ ಆ ಮನೆಯಲ್ಲಿ ಮಲಗುವವಳು ಆಕೆ, ನೀವಲ್ಲ.

ನಮ್ಮ ಗಡಿ ಭಾಗಕ್ಕೆ 27ನೆಯ ಕಲಮು ಬಂಗಾರ. ಮನೆ ಕಾಗವಾಡ ತಾಲೂಕು, ಗಿರಣಿ ಮಹಾರಾಷ್ಟ್ರ. ಈ ಕಡೆ ಹೋದರೆ “ಅದು ಅವರ ರಾಜ್ಯದ್ದು”, ಆ ಕಡೆ ಹೋದರೆ “ನೀ ಕರ್ನಾಟಕದಾಕಿ”. ಗಡಿ ಪ್ರಶ್ನೆ ಅಂತ ಎರಡೂ ಕಡೆಯ ನಾಯಕರು ಬಸ್ಸಿಗೆ ಕಲ್ಲು ಹೊಡೆಸುತ್ತಾರೆ, ಈ ಹೆಂಗಸಿನ ಗಡಿ ಪ್ರಶ್ನೆ ಯಾರಿಗೂ ಬೇಡ. ಕಾಯ್ದೆ ಹೇಳುವುದು: ಆಕೆ ಇರುವ ಊರಿನ ಕೋರ್ಟು ನಡೆಯುತ್ತದೆ, ತಾತ್ಪೂರ್ತಿಕ ಇದ್ದರೂ ನಡೆಯುತ್ತದೆ, ಕೆಲಸ ಮಾಡುವ ಊರಿನದೂ ನಡೆಯುತ್ತದೆ. ಆದೇಶ ಇಡೀ ದೇಶಕ್ಕೆ ಲಾಗೂ. ನಮ್ಮ ಚಿಗವ್ವನಿಗೆ ಇದನ್ನು ಯಾರಾದರೂ ಹೇಳಿದ್ದರೆ ಎರಡು ವರ್ಷ ಅಲೆದಾಟ ಉಳಿಯುತ್ತಿತ್ತು. 181ಕ್ಕೆ ಫೋನು ಮಾಡಬಹುದು. 2015ರಿಂದ ಜಿಲ್ಲೆಗಳಲ್ಲಿ ಸಖಿ ಕೇಂದ್ರಗಳೂ ಬಂದಿವೆ, ಸರಿ. ಶೇಡಬಾಳದಿಂದ ಬೆಳಗಾವಿ ನೂರು ಕಿಲೋಮೀಟರಿಗೂ ದೂರ, ಸಂಜೆಗೆ ರೊಟ್ಟಿ ಬಡಿಯಬೇಕಾದವಳಿಗೆ ಅದು ಲಂಡನ್ನು.

ಇನ್ನು ಕೋಣೆಯೇ ಇಲ್ಲದವರು. ಹಂಗಾಮು ಶುರುವಾದರೆ ನಮ್ಮ ಕಾಗವಾಡ, ಅಥಣಿ, ರಾಯಬಾಗದ ಕಬ್ಬಿನ ಗದ್ದೆಗಳಿಗೆ ಬೀಡ ಕಡೆಯಿಂದ, ವಿಜಯಪುರ ಕಡೆಯಿಂದ ಟೋಳಿಗಳು ಬರುತ್ತವೆ. ಅಲ್ಲಿ ಗಂಡ-ಹೆಂಡತಿ ಸೇರಿ ‘ಒಂದು ಕೊಯತಾ’. ಇಬ್ಬರಿಗೂ ಸೇರಿ ಒಂದೇ ಮುಂಗಡ, ಅದನ್ನು ಎಣಿಸಿಕೊಂಡವ ಗಂಡ. ಆಕೆ ಹೊಡೆತ ತಾಳದೆ ಓಡಿಹೋದರೆ ಕೊಯತಾ ಮುರಿಯಿತು, ಸಾಲ ಉಳಿಯಿತು. ಮುಕಾದಮನೇ ಹುಡುಕಿಸಿ ತರುತ್ತಾನೆ. ಇದನ್ನು ಮನೆಯ ಜಗಳ ಅನ್ನುತ್ತೀರಾ? ಗಂಡನ ಮುಷ್ಟಿಯ ಹಿಂದೆ ಮುಕಾದಮನ ಮುಂಗಡ ಇದೆ, ಅದರ ಹಿಂದೆ ಸಕ್ಕರೆ ಇದೆ, ನಮ್ಮ ಚಹಾದೊಳಗಿನ ಸಕ್ಕರೆ. ಕಾರ್ಖಾನೆಯ ಕೋಣೆ ಹಾಜರಿಪಟ್ಟಿಯಲ್ಲಿ ಇರುವವರಿಗೆ. ಕಬ್ಬು ಕಡಿದವಳು ಆ ಪಟ್ಟಿಯಲ್ಲಿ ಇಲ್ಲ. ಆಕೆಯ ಪಾಲಿಗೆ ಬರ ಹೋಗ ಆಶಾ ಅಕ್ಕ, ಪಿ.ಎಚ್.ಸಿ.ಯ ನರ್ಸು, ಅಷ್ಟೇ. ಆಶಾ ಅಕ್ಕನಿಗೆ ಮರಾಠಿ ಬರದಿದ್ದರೆ ನಡುವೆ ಮಾತು ತಿರುಗಿಸಿ ಹೇಳುವವ ಯಾರು? ಗಂಡ! ಮತ್ತೆ ಅದೇ ಬಾಗಿಲು, ಅದೇ ಚೌಕಟ್ಟು. ಮರಾಠಿ, ಲಮಾಣಿ ಬಲ್ಲ ಹಾಸ್ಟೆಲಿನ ಹುಡುಗಿಯರು ಹಂಗಾಮಿನಲ್ಲಿ ವಾರಕ್ಕೊಮ್ಮೆ ಆಶಾ ಅಕ್ಕನ ಜೋಡಿ ಟೋಳಿಗೆ ಹೋಗಲಿಕ್ಕೆ ಆಗುವುದಿಲ್ಲವೇ?

ದೇವದಾಸಿ ಅವ್ವಂದಿರ ಮಾತು ಬಂದರೆ ಕಾಯ್ದೆಯೂ ತೊದಲುತ್ತದೆ. 1982ರಲ್ಲಿ ಮುತ್ತು ಕಟ್ಟುವುದನ್ನು ನಿಷೇಧಿಸಿದರು. ಇಟ್ಟುಕೊಂಡವನ ಕೈಯಿಂದ ಏಟು ತಿಂದವಳಿಗೆ ‘ಮದುವೆಯಂಥ ಸಂಬಂಧ’ ಅನ್ನುವ ಬಾಗಿಲು 2005ರ ಕಾಯ್ದೆಯಲ್ಲಿದೆ. ಆದರೆ ಅವನಿಗೆ ಬೇರೆ ಹೆಂಡತಿ ಇರುವುದು ಗೊತ್ತಿದ್ದೂ ಇದ್ದರೆ ಅದು ಅಂಥ ಸಂಬಂಧವಲ್ಲ ಅಂತ 2013ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆಗ ಉಳಿಯುವುದು ಹೊಡೆದದ್ದಕ್ಕೆ ಯಾರ ಮೇಲಾದರೂ ಹಾಕುವ ಸಾಮಾನ್ಯ ಕೇಸು. ಅದಕ್ಕೂ ಗಾಯದ ಬರಹ ಬೇಕು. “ಯಾವ ಗಂಡ ಹೊಡದಾನವ್ವಾ?” ಅಂತ ನಗುವ ನರ್ಸು ಆ ಬರಹವನ್ನೇ ಕೊಂದಂತೆ.

ಈಗ ನಮ್ಮ ಮನೆಯ ಮಾತು. ಕಾಕಾ ಯಾರು ಅಂತ ನಾನಿನ್ನೂ ಹೇಳಿಲ್ಲ. ಸಭೆಗಳಲ್ಲಿ ನೀವು ಅವನ ಭಾಷಣಕ್ಕೆ ಚಪ್ಪಾಳೆ ತಟ್ಟಿದ್ದೀರಿ. ಜೈಭೀಮ್ ಅಂತ ಅವನು ಎತ್ತುವ ಕೈ ಇದೆಯಲ್ಲ, ಅದೇ ಕೈ. ಕೇಸು ಹಾಕಿದಾಗ ಹಿರಿಯರು ಮನೆಗೆ ಬಂದು ಅಂದರು: “ನಮ್ಮೊಳಗಿಂದು ನಾವ ಬಗಿಹರಸೋಣು. ಮ್ಯಾಲಿನವರು ನೋಡಿ ನಗತಾರ. ಚಳವಳಿಗೆ ಹೆಸರ ಬರತೈತಿ.” ಚಿಗವ್ವ ಮೂಲೆಯಲ್ಲಿ ಕೂತಿದ್ದಳು, ಆಕೆಗೆ ಅರ್ಧ ಮಾತು ಕೇಳಿಸಿತು, ಅರ್ಧ ಕೇಳಿಸಲಿಲ್ಲ. ನಾನೂ ಆವತ್ತು ಹಿರಿಯರ ಕಡೆಗೇ ಗೋಣು ಹಾಕಿದೆ. ಹದಿನಾರು ವರ್ಷದವ, ಸಮಾಜದ ಮರ್ಯಾದೆ ಅಂದರೆ ಎದೆ ಉಬ್ಬುವ ವಯಸ್ಸು. ಅದನ್ನು ಇಲ್ಲಿ ಬರೆದು ಒಪ್ಪಿಕೊಳ್ಳುತ್ತೇನೆ.

ಸೆರೆ ಹೊಡೆಸಿತು ಅನ್ನುವವರು ಒಂದು ಹೇಳಿ. ಅದೇ ಸೆರೆ ಕುಡಿದು ಕಾಕಾ ಮುಕಾದಮನಿಗೆ ಯಾಕೆ ಹೊಡೆಯಲಿಲ್ಲ? ಗೌಡನ ಮಗ ಎದುರಿಗೆ ಬಂದಾಗ ಸೆರೆಯ ಅಮಲು ಎಲ್ಲಿ ಇಳಿದು ಹೋಗುತ್ತಿತ್ತು? ಬಡತನ ಹೊಡೆಸಿತು ಅನ್ನುವವರು, ಚಿಗವ್ವ ಶ್ರೀಮಂತಳಿದ್ದಳೇನು? ಆಕೆ ಯಾರಿಗೆ ಹೊಡೆದಳು? ಮೇಲಿನವರು ನಗುತ್ತಾರೆ ಅನ್ನುವುದಂತೂ ಹೇಡಿಗಳ ಮಾತು. ಅವರ ಮನೆಯಲ್ಲೂ ಹೊಡೆಯುತ್ತಾರೆ, ಗೋಡೆ ದಪ್ಪ, ದನಿ ಹೊರಗೆ ಬರುವುದಿಲ್ಲ ಅಷ್ಟೇ. ಮೊದಲು ಜಾತಿ ಹೋಗಲಿ, ಆಮೇಲೆ ಹೆಂಗಸರ ಪ್ರಶ್ನೆ ಅನ್ನುವವರಿಗೆ ಬಾಬಾಸಾಹೇಬರನ್ನೇ ತೋರಿಸುತ್ತೇನೆ. 1925ರಲ್ಲಿ ನಮ್ಮ ನಿಪ್ಪಾಣಿಗೆ ಬಂದು ಪರಿಷತ್ತು ನಡೆಸಿದ್ದರು ಅಂತ ಹೇಳಿಕೊಂಡು ತಿರುಗುತ್ತೇವಲ್ಲ, ಅದೇ ಬಾಬಾಸಾಹೇಬರು 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಹೆರಿಗೆ ಭತ್ಯೆಯ ಮಸೂದೆಯ ಪರ ನಿಂತರು. ನಮ್ಮ ಬೆಳಗಾವಿ ಆಗ ಆ ಪ್ರಾಂತಕ್ಕೇ ಸೇರಿತ್ತು. ಹೆಂಗಸಿನ ದುಡಿಮೆಯಿಂದ ಲಾಭ ತಿನ್ನುವ ಮಾಲಕ ಆಕೆಯ ಹೆರಿಗೆಯ ಹೊರೆಯಲ್ಲಿ ಪಾಲು ಹೊರಬೇಕು ಅನ್ನುವುದು ಅವರ ವಾದ. ಗಿರಣಿಯ ಕೋಣೆಯಲ್ಲಿ ಖರೇ ಬರೆಯಿರಿ ಅಂತ ನಾವು ಮಾಲಕನಿಗೆ ಕೇಳುವುದೂ ಅದೇ ವಾದದ ಮುಂದಿನ ಹೆಜ್ಜೆ. 1942ರ ಜುಲೈಯಲ್ಲಿ ನಾಗಪುರದ ಹೆಂಗಸರ ಪರಿಷತ್ತಿನಲ್ಲಿ, ಮದುವೆಯಾದವಳು ಗಂಡನಿಗೆ ಗೆಳತಿಯಾಗಿ ಸರಿಸಮ ನಿಲ್ಲಬೇಕು, ದಾಸಿಯಾಗಲಿಕ್ಕೆ ಒಪ್ಪಬಾರದು ಅಂತ ಹೇಳಿದರು. ಫೋಟೋಕ್ಕೆ ಹಾರ ಹಾಕುವಾಗ ಈ ಮಾತು ಯಾಕೆ ನೆನಪಾಗುವುದಿಲ್ಲ?

ನಿಪ್ಪಾಣಿಯ ತಂಬಾಕು ವಖಾರಿಯ ಹೆಂಗಸರನ್ನು ನೆನೆಯಿರಿ. ಧೂಳು ಕುಡಿದು ಕೆಮ್ಮುತ್ತ ಸಾವಿರಾರು ಮಂದಿ ಸಂಘ ಕಟ್ಟಿದರು. ಯುಗಾಂತರ ಅನ್ನುವ ಹೆಂಗಸರ ತಂಡ 1982ರಲ್ಲಿ ಅವರ ಮೇಲೆ ಸಿನೆಮಾ ಮಾಡಿತು. ಮರುವರ್ಷ ಅದೇ ತಂಡ ಹೈದರಾಬಾದಿನಲ್ಲಿ ಮಾಡಿದ ಸಿನೆಮಾ ಮನೆಯೊಳಗಿನ ಹೊಡೆತದ್ದು. ವಖಾರಿಯ ಬಾಗಿಲಿಂದ ಮನೆಯ ಬಾಗಿಲಿಗೆ ಅವರಿಗೆ ಒಂದೇ ವರ್ಷ ಸಾಕಾಯಿತು. ನಮಗೆ ಇನ್ನೂ ದಾರಿ ಸಿಕ್ಕಿಲ್ಲ.

ಮುಂದಿನ ಸಭೆಗೆ ಬರುವಾಗ ನರ್ಸಿಂಗ್ ಓದುವವರು, ಕಲಿತು ಕೆಲಸದಲ್ಲಿರುವ ಅಕ್ಕಂದಿರನ್ನು ಕರೆದುಕೊಂಡು ಬನ್ನಿ. ನಿಮ್ಮ ಕೋಣೆಯ ರಜಿಸ್ಟರಿನಲ್ಲಿ ಏನು ಬರೆಸುತ್ತಾರೆ ಅಂತ ಹೇಳಿ, ಹೆಸರು ಬೇಡ. ಖರೇ ಬರೆದ ಬಾಯಾರನ್ನು ಮ್ಯಾನೇಜರ ಕೆಲಸದಿಂದ ತೆಗೆದರೆ ಗೇಟಿನ ಮುಂದೆ ಕೂಡಲಿಕ್ಕೆ ಎಷ್ಟು ಮಂದಿ ಬರುತ್ತೀರಿ ಅನ್ನುವುದನ್ನೂ ಅಲ್ಲೇ ತೀರ್ಮಾನಿಸೋಣ. ಗುತ್ತಿಗೆಯ ನರ್ಸಿಗೆ ಧೈರ್ಯ ಮಾಡು ಅಂತ ಹೇಳಿ ನಾವು ಹಾಸ್ಟೆಲಿನಲ್ಲಿ ಮಲಗಿದರೆ ಅದು ಮೋಸ. ಹುಡುಗರು ಒಂದು ಕೆಲಸ ಮಾಡಿ: ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ, ಎಲ್ಲೆಲ್ಲಿ ಸಿ.ಡಿ.ಪಿ.ಓ. ಆಫೀಸು ಎಲ್ಲಿದೆ, ಯಾವ ವಾರ ಸಾಹೇಬರು ಸಿಗುತ್ತಾರೆ ಅಂತ ಹೋಗಿ ನೋಡಿ ಬರೆದುಕೊಂಡು ಬನ್ನಿ. ಹೆಂಗಸು ಕರೆದರೆ ಜೋಡಿಗೆ ಹೋಗಿ. ಕರೆಯದಿದ್ದರೆ ಗುಂಪು ಕಟ್ಟಿಕೊಂಡು ಆಕೆಯ ಮನೆ ಮುಂದೆ ನಿಲ್ಲಬೇಡಿ.

ಆ ಸಭೆಯಲ್ಲಿ ಮಾತಾಡುವವರ ಪಟ್ಟಿಯಲ್ಲಿ ಕಾಕಾನ ಹೆಸರೂ ಇದೆ, ಮೂರನೆಯದು. ಅದನ್ನು ತೆಗೆಯಿರಿ ಅಂತ ಕಾರ್ಯಕರ್ತರಿಗೆ ಹದಿನೈದು ದಿನದ ಹಿಂದೆ ಚೀಟಿ ಬರೆದು ಕೊಟ್ಟಿದ್ದೇನೆ. ಈ ಹಾಳೆ ಅಚ್ಚಿಗೆ ಹೋಗುವ ತನಕ ಉತ್ತರ ಬಂದಿಲ್ಲ.